ಕಾಯಿಲೆಗೆ ಜೈಲು, ಕಳ್ಳತನಕ್ಕೆ ಆರೈಕೆ: ಬಟ್ಲರನ ‘ಎರೆವಾನ್’

‘ಎರೆವಾನ್’ 1872ರಲ್ಲಿ ಲಂಡನ್ನಿನಲ್ಲಿ, ಬರೆದವರ ಹೆಸರೇ ಇಲ್ಲದೆ ಪ್ರಕಟವಾದ ಇಂಗ್ಲಿಷ್ ಕಾದಂಬರಿ. ಕರ್ತೃ ಸ್ಯಾಮ್ಯುಯೆಲ್ ಬಟ್ಲರ್. ಎತ್ತರದ ಪರ್ವತಸಾಲಿನ ಆಚೆ ಹೊರಜಗತ್ತಿನ ಕಣ್ಣಿಗೆ ಬೀಳದೆ ಉಳಿದಿರುವ ಒಂದು ನಾಡು, ಅಲ್ಲಿಗೆ ಹೋಗಿ ಸಿಕ್ಕಿಕೊಂಡ ಒಬ್ಬ ಯುವಕ, ಅವನು ಅಲ್ಲಿ ಕಂಡದ್ದರ ವರದಿ: ಹೊರನೋಟಕ್ಕೆ ಕಥೆ ಇಷ್ಟೇ. ‘ಎಲ್ಲೂ ಇಲ್ಲ’ ಎಂಬ ಅರ್ಥದ ಇಂಗ್ಲಿಷ್ ಪದವನ್ನು ಹಿಂದುಮುಂದಾಗಿ ಬರೆದು, ನಡುವಿನ ಎರಡು ಅಕ್ಷರಗಳನ್ನು ಮಾತ್ರ ಇದ್ದಂತೆ ಬಿಟ್ಟು ಬಟ್ಲರ್ ಆ ನಾಡಿಗೆ ಹೆಸರಿಟ್ಟ.

ಕಲ್ಪಿತ ನಾಡುಗಳ ಕಥೆಗೆ ಇಂಗ್ಲೆಂಡಿನಲ್ಲಿ ಹಳೆಯ ಪರಂಪರೆಯಿದೆ. ಥಾಮಸ್ ಮೋರ್ 1516ರಲ್ಲಿ ‘ಯುಟೋಪಿಯಾ’ ಬರೆದ, ಜೊನಾಥನ್ ಸ್ವಿಫ್ಟ್ 1726ರಲ್ಲಿ ‘ಗಲಿವರನ ಪ್ರಯಾಣಗಳು’ ಪ್ರಕಟಿಸಿದ. ಮೋರ್ ಚಿತ್ರಿಸಿದ ದ್ವೀಪದಲ್ಲಿ ಎಲ್ಲಕ್ಕೂ ಒಂದು ಅಚ್ಚುಕಟ್ಟಿದೆ. ಸ್ವಿಫ್ಟನ ನಾಡುಗಳಲ್ಲಿ ಮನುಷ್ಯನ ಸಣ್ಣತನ ಒಂದೊಂದು ಅಳತೆಯಲ್ಲಿ ಕಾಣುತ್ತದೆ. ಬಟ್ಲರನ ಎರೆವಾನ್ ಮಾದರಿ ರಾಜ್ಯವೂ ಅಲ್ಲ, ನರಕವೂ ಅಲ್ಲ. ಅಲ್ಲಿನ ಜನ ನೋಡಲು ಬಲು ಚೆಂದ. ಗಟ್ಟಿಮುಟ್ಟಾದ ಮೈಕಟ್ಟು, ಮೃದುವಾದ ಮಾತು, ಸಭ್ಯ ನಡತೆ. ಇಂಥ ಮನುಷ್ಯರನ್ನು ತಾನು ಬೇರೆಲ್ಲೂ ನೋಡಿಲ್ಲವೆಂದು ಕಥೆ ಹೇಳುವ ಯುವಕ ಬೆರಗಾಗುತ್ತಾನೆ. ಆದರೆ ಆ ಚೆಲುವಿನ ಹಿಂದೆ ಒಂದು ಕಾನೂನಿದೆ: ಕಾಯಿಲೆ ಬಿದ್ದವರನ್ನು ಜೈಲಿಗೆ ಹಾಕುವ ಕಾನೂನು. ಎರೆವಾನಿನಲ್ಲಿ ಮೆಚ್ಚತಕ್ಕದ್ದೂ ಬೆಚ್ಚತಕ್ಕದ್ದೂ ಒಂದೇ ಬೇರಿನಿಂದ ಹುಟ್ಟಿವೆ. ಕಾದಂಬರಿಯ ಬಲ ಇರುವುದು ಇಲ್ಲೇ.

ಬಟ್ಲರ್ ಹುಟ್ಟಿದ್ದು 1835ರ ಡಿಸೆಂಬರ್ 4ರಂದು, ನಾಟಿಂಗ್‌ಹ್ಯಾಮ್‌ಷೈರಿನ ಲ್ಯಾಂಗರ್ ಎಂಬ ಹಳ್ಳಿಯ ಪಾದ್ರಿಮನೆಯಲ್ಲಿ. ತಂದೆ ಪಾದ್ರಿ. ತಾತ ಷ್ರೂಸ್‌ಬರಿ ಶಾಲೆಯ ಹೆಸರಾಂತ ಮುಖ್ಯೋಪಾಧ್ಯಾಯ, ಆಮೇಲೆ ಬಿಷಪ್. ಹುಡುಗನೂ ಪಾದ್ರಿಯಾಗುತ್ತಾನೆ ಎಂಬುದರಲ್ಲಿ ಮನೆಯವರಿಗೆ ಅನುಮಾನವೇ ಇರಲಿಲ್ಲ. ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಓದಿ 1858ರಲ್ಲಿ ಮೊದಲ ದರ್ಜೆಯಲ್ಲಿ ತೇರ್ಗಡೆಯಾದ ಬಟ್ಲರ್, ದೀಕ್ಷೆಗೆ ಮುನ್ನ ಲಂಡನ್ನಿನ ಬಡವರ ಕೇರಿಯೊಂದರಲ್ಲಿ ಚರ್ಚಿನ ಕೆಲಸಕ್ಕೆ ನಿಂತ. ಅಲ್ಲಿ ಅವನು ಪಾಠ ಹೇಳುತ್ತಿದ್ದ ಹುಡುಗರಲ್ಲಿ ದೀಕ್ಷಾಸ್ನಾನ ಆದವರೂ ಇದ್ದರು, ಆಗದವರೂ ಇದ್ದರು. ಆದವರ ನಡತೆ ಆಗದವರಿಗಿಂತ ಒಂದು ಗುಲಗಂಜಿಯಷ್ಟೂ ಮೇಲಾಗಿರಲಿಲ್ಲ. ಇದನ್ನು ಗಮನಿಸಿದ ಮೇಲೆ ಹಳೆಯ ನಂಬಿಕೆಗೆ ಮರಳುವುದು ಅವನಿಂದಾಗಲಿಲ್ಲ. ಪಾದ್ರಿಯಾಗಲಾರೆನೆಂದು ತಂದೆಗೆ ಹೇಳಿದ. ದೀರ್ಘ ಜಗಳದ ನಂತರ, ತಂದೆ ಕೊಟ್ಟ ಬಂಡವಾಳದೊಂದಿಗೆ ನ್ಯೂಜಿಲೆಂಡಿಗೆ ಹೋಗಿ ಕುರಿ ಸಾಕುವುದೆಂದು ತೀರ್ಮಾನವಾಯಿತು. 1859ರ ಸೆಪ್ಟೆಂಬರಿನಲ್ಲಿ ಹಡಗು ಹತ್ತಿದ. ಅವನು ಮೊದಲು ಜಾಗ ಕಾದಿರಿಸಿದ್ದ ‘ಬರ್ಮಾ’ ಎಂಬ ಹಡಗು ಆ ಯಾನದಲ್ಲಿ ಸಮುದ್ರಪಾಲಾಯಿತು. ಕೊನೆಗಳಿಗೆಯಲ್ಲಿ ಬೇರೆ ಹಡಗಿಗೆ ಬದಲಾಯಿಸಿಕೊಂಡದ್ದರಿಂದ ಅವನ ಜೀವ ಉಳಿಯಿತು.

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ, ಕ್ಯಾಂಟರ್‌ಬರಿ ಸೀಮೆಯ ರಂಗಿಟಾಟಾ ನದಿಯ ಮೇಲ್ಕಣಿವೆಯಲ್ಲಿ ಬಟ್ಲರ್ ಹುಲ್ಲುಗಾವಲು ಹಿಡಿದ. ಎರಡು ನೀರಿನ ನಡುವಿನ ಜಾಗವಾದ್ದರಿಂದ ಅದಕ್ಕೆ ಮೆಸೊಪೊಟೇಮಿಯಾ ಎಂದು ಹೆಸರಿಟ್ಟ. ಇಂದಿಗೂ ಆ ಜಾಗದ ಹೆಸರು ಅದೇ. ಹತ್ತಾರು ಕವಲಾಗಿ ಹರಿಯುವ ನದಿ, ಮೈಲುಗಟ್ಟಲೆ ಜಲ್ಲಿಕಲ್ಲಿನ ಪಾತ್ರ, ಅದರಾಚೆ ಹಿಮ ಹೊತ್ತ ಬೆಟ್ಟಗಳು. ಗುಡಿಸಲಿಗೆ ಒಂದು ಪಿಯಾನೊ ತರಿಸಿಕೊಂಡು ತನ್ನ ಆರಾಧ್ಯ ಸಂಗೀತಗಾರ ಹ್ಯಾಂಡೆಲನ ರಚನೆಗಳನ್ನು ನುಡಿಸುತ್ತಿದ್ದ. ಡಾರ್ವಿನ್ನನ ‘ಜೀವಸಂಕುಲಗಳ ಉಗಮ’ವನ್ನು ಓದಿ ಬೆರಗಾದದ್ದೂ ಇದೇ ಕಾಲದಲ್ಲಿ. 1863ರ ಜೂನ್ 13ರಂದು ಕ್ರೈಸ್ಟ್‌ಚರ್ಚಿನ ‘ದಿ ಪ್ರೆಸ್’ ಪತ್ರಿಕೆಯಲ್ಲಿ ‘ಯಂತ್ರಗಳ ನಡುವೆ ಡಾರ್ವಿನ್’ ಎಂಬ ಅರ್ಥದ ತಲೆಬರಹದ ಒಂದು ಪತ್ರ ಪ್ರಕಟವಾಯಿತು. ಸೆಲ್ಲೇರಿಯಸ್ ಎಂಬ ಗುಪ್ತನಾಮದಲ್ಲಿ ಅದನ್ನು ಬರೆದವನು ಬಟ್ಲರ್. ಪ್ರಾಣಿಗಳಂತೆ ಯಂತ್ರಗಳೂ ವಿಕಾಸ ಹೊಂದುತ್ತಿವೆ, ಒಂದು ದಿನ ಅವು ಮನುಷ್ಯನ ಒಡೆಯರಾಗಬಹುದು ಎಂಬುದು ಅದರ ವಾದ. ಒಂಬತ್ತು ವರ್ಷದ ನಂತರ ಬಂದ ಕಾದಂಬರಿಯ ಅತ್ಯಂತ ಹೆಸರಾದ ಭಾಗಕ್ಕೆ ಬೀಜ ಬಿದ್ದದ್ದು ಈ ಪತ್ರದಲ್ಲಿ. 1864ರಲ್ಲಿ ಹುಲ್ಲುಗಾವಲನ್ನು ಮಾರಿ, ತಂದಿದ್ದ ಹಣವನ್ನು ಹೆಚ್ಚುಕಡಿಮೆ ಎರಡರಷ್ಟು ಮಾಡಿಕೊಂಡು ಬಟ್ಲರ್ ಲಂಡನ್ನಿಗೆ ಮರಳಿದ. ಕ್ಲಿಫರ್ಡ್ಸ್ ಇನ್ ಎಂಬ ಕಟ್ಟಡದ ಕೋಣೆಗಳಲ್ಲಿ ನೆಲೆಸಿ, ಚಿತ್ರಕಲೆ ಕಲಿಯುತ್ತಾ, ಬಿಡಿಬಿಡಿಯಾಗಿ ಬರೆದಿದ್ದನ್ನು ಕಾದಂಬರಿಯಾಗಿ ಕೂಡಿಸಿದ.

ಮೊದಲ ಅಧ್ಯಾಯಗಳ ತುಂಬ ಕ್ಯಾಂಟರ್‌ಬರಿಯ ಬೆಟ್ಟಗುಡ್ಡಗಳೇ ಇವೆ, ವಸಾಹತಿನ ಹೆಸರನ್ನು ಮಾತ್ರ ಬಟ್ಲರ್ ಬಿಟ್ಟುಕೊಡುವುದಿಲ್ಲ. ಕಥೆ ಹೇಳುವ ಯುವಕನಿಗೆ ಈ ಪುಸ್ತಕದಲ್ಲಿ ಹೆಸರೂ ಇಲ್ಲ. ಕುರಿಗಾವಲಿನ ಕೆಲಸಕ್ಕೆ ಬಂದವನಿಗೆ ಬೆಟ್ಟದಾಚೆ ಏನಿದೆಯೆಂಬ ಕುತೂಹಲ, ಹೊಸ ಹುಲ್ಲುಗಾವಲು ಸಿಕ್ಕರೆ ಶ್ರೀಮಂತನಾಗುವ ಆಸೆ. ಚೌಬಾಕ್ ಎಂಬ ಸ್ಥಳೀಯ ಮುದುಕನನ್ನು ಜೊತೆಗೆ ಕರೆದುಕೊಂಡು ಹೊರಡುತ್ತಾನೆ. ದಾರಿಯಲ್ಲಿ ಒಂದು ಬಟ್ಟಲು ನೀರಿನಲ್ಲಿ ಅವನಿಗೆ ದೀಕ್ಷಾಸ್ನಾನ ಮಾಡಿಸಿ, ಒಂದು ಆತ್ಮವನ್ನು ಉಳಿಸಿದ ಪುಣ್ಯ ತನ್ನ ಲೆಕ್ಕಕ್ಕೆ ಸೇರಿತೆಂದು ತೃಪ್ತಿಪಡುತ್ತಾನೆ. ಎರೆವಾನಿನ ಬಾಗಿಲು ತೆರೆಯುವ ಮೊದಲೇ ಬಟ್ಲರ್ ವಿಡಂಬನೆಯನ್ನು ಶುರು ಮಾಡಿದ್ದಾನೆ, ಅದರ ಮೊದಲ ಗುರಿ ಕಥೆ ಹೇಳುವವನೇ ಎಂಬುದನ್ನು ಓದುಗರು ಇಲ್ಲೇ ಗಮನಿಸಬೇಕು. ಕಣಿವೆಯ ತಲೆಗೆ ಬಂದಾಗ ಚೌಬಾಕ್ ಹೆದರಿ ಓಡಿಹೋಗುತ್ತಾನೆ. ಯುವಕ ಒಬ್ಬನೇ ನದಿ ದಾಟಿ ಕಣಿವೆದಾರಿ ಏರುತ್ತಾನೆ. ಮಂಜಿನ ನಡುವೆ ಎದುರಾಗುವುದು ವೃತ್ತಾಕಾರದಲ್ಲಿ ಕೂತ ದೈತ್ಯ ಕಲ್ಲುಮೂರ್ತಿಗಳು. ಅವುಗಳ ತಲೆಯೊಳಗೆ ಪೊಳ್ಳು ಕೊರೆದಿದ್ದಾರೆ. ಗಾಳಿ ನುಗ್ಗಿದಾಗ ಅವು ಎದೆ ನಡುಗಿಸುವಂತೆ ಗೋಳಿಡುತ್ತವೆ.

ಕೆಳಗಿನ ನಾಡಿನಲ್ಲಿ ಅವನನ್ನು ಹಿಡಿದವರು ಮೊದಲು ಮಾಡುವುದು ವೈದ್ಯಕೀಯ ತಪಾಸಣೆ. ಮೈ ಗಟ್ಟಿಯಾಗಿದೆಯೆಂದು ತಿಳಿದು ಸಮಾಧಾನಗೊಂಡವರು ಜೇಬಿನಲ್ಲಿದ್ದ ಗಡಿಯಾರ ಕಂಡೊಡನೆ ಮುಖ ಗಂಟಿಕ್ಕುತ್ತಾರೆ. ಮುರಿದ ಹಳೆಯ ಯಂತ್ರಗಳನ್ನು ಕೂಡಿಟ್ಟ ಒಂದು ವಸ್ತುಸಂಗ್ರಹಾಲಯವನ್ನು ತೋರಿಸಿ ಅವನನ್ನು ಜೈಲಿಗೆ ಹಾಕುತ್ತಾರೆ. ಜೈಲರನ ಮಗಳು ಯ್ರಾಮ್ ಅವನಿಗೆ ಭಾಷೆ ಕಲಿಸುತ್ತಾಳೆ. ಇಂಗ್ಲಿಷಿನ ಮೇರಿಯನ್ನು ಹಿಂದಿನಿಂದ ಓದಿದರೆ ಬರುವ ಹೆಸರು ಅವಳದು. ಒಂದು ದಿನ ಅವನು ನೆಗಡಿಯೆಂದು ಹೇಳಿಕೊಂಡು ಅವಳ ಕನಿಕರ ಬಯಸುತ್ತಾನೆ. ಅವಳು ಕೆಂಡವಾಗುತ್ತಾಳೆ. ಆ ನಾಡಿನ ಮುಖ್ಯ ಕಾನೂನು ಅವನಿಗೆ ತಿಳಿಯುವುದು ಆಗ.

ಕಾನೂನು ಹೀಗಿದೆ. ಎಪ್ಪತ್ತು ವರ್ಷ ತುಂಬುವ ಮೊದಲು ಯಾರಾದರೂ ಕಾಯಿಲೆ ಬಿದ್ದರೆ ಅವರನ್ನು ಜ್ಯೂರಿಯ ಮುಂದೆ ನಿಲ್ಲಿಸಿ ವಿಚಾರಣೆ ಮಾಡಲಾಗುತ್ತದೆ. ತಪ್ಪು ಸಾಬೀತಾದರೆ ಕಾಯಿಲೆಯ ತೂಕಕ್ಕೆ ತಕ್ಕ ಶಿಕ್ಷೆ. ಆದರೆ ಯಾರಾದರೂ ಸುಳ್ಳು ಸಹಿ ಹಾಕಿದರೆ, ಮನೆಗೆ ಬೆಂಕಿ ಇಟ್ಟರೆ, ದರೋಡೆ ಮಾಡಿದರೆ ಅವರನ್ನು ಸರ್ಕಾರಿ ಖರ್ಚಿನಲ್ಲಿ ಆಸ್ಪತ್ರೆಗೆ ಸೇರಿಸಿ ಜೋಪಾನ ಮಾಡುತ್ತಾರೆ. ಉಳ್ಳವರಾದರೆ ಮನೆಯಲ್ಲೇ ಮಲಗಿ ನಂಟರಿಷ್ಟರಿಗೆ ಹೇಳಿಕಳಿಸುತ್ತಾರೆ. ಬಂದವರು ಯಾವಾಗಿನಿಂದ ಹೀಗಾಯಿತು, ಮೊದಲ ಲಕ್ಷಣ ಏನು ಎಂದು ಕಾಳಜಿಯಿಂದ ವಿಚಾರಿಸುತ್ತಾರೆ. ಕೆಟ್ಟ ನಡತೆಗೆ ಮದ್ದು ಮಾಡುವವರದೇ ಒಂದು ವೃತ್ತಿ ಇದೆ. ‘ನೆಟ್ಟಗೆ ಮಾಡುವವರು’ ಎಂಬ ಅರ್ಥದ ಹೆಸರು ಅವರಿಗೆ. ಮೈಗೆ ಹುಷಾರಿಲ್ಲದವರು ಅದನ್ನು ಮುಚ್ಚಿಡಲು ಸುಳ್ಳು ಹೇಳಬೇಕಾಗುತ್ತದೆ. ಮಹೈನಾ ಎಂಬ ಹೆಂಗಸು ಕುಡುಕಿಯೆಂದು ಊರೆಲ್ಲ ಮರುಗುತ್ತದೆ. ಅವಳು ನಿಜಕ್ಕೂ ಕುಡಿಯುವುದಿಲ್ಲ, ಮೈಯ ನಿಶ್ಶಕ್ತಿಯನ್ನು ಮರೆಮಾಚಲು ಕುಡಿತದ ನೆಪ ಹೂಡುತ್ತಿದ್ದಾಳೆ ಎಂದು ಕೆಲವರು ಹಿಂದಿನಿಂದ ಪಿಸುಗುಟ್ಟುತ್ತಾರೆ.

ರಾಜಧಾನಿಗೆ ಬಂದ ಯುವಕನನ್ನು ಮನೆಯಲ್ಲಿಟ್ಟುಕೊಳ್ಳುವ ನೋಸ್ನಿಬೋರ್ ದೊಡ್ಡ ವ್ಯಾಪಾರಿ. ರಾಬಿನ್ಸನ್ ಎಂಬ ಹೆಸರಿನ ತಿರುವು ಇದು. ವಿಧವೆಯೊಬ್ಬಳ ಹಣ ನುಂಗಿಹಾಕಿ ಈಗ ಆತ ‘ಚೇತರಿಸಿಕೊಳ್ಳುತ್ತಿದ್ದಾನೆ’. ನೆಟ್ಟಗೆ ಮಾಡುವವನು ಬರೆದುಕೊಟ್ಟ ಪಥ್ಯ: ಆರು ತಿಂಗಳು ಬರೀ ಬ್ರೆಡ್ಡು ಮತ್ತು ಹಾಲು, ಒಂದು ವರ್ಷ ತಿಂಗಳಿಗೊಮ್ಮೆ ಚಾಟಿಯೇಟು, ನುಂಗಿದ ಹಣದ ಎರಡರಷ್ಟು ದಂಡ. ದಂಡ ಹೋಗುವುದು ಸರ್ಕಾರಕ್ಕೆ. ಹಣ ಕಳೆದುಕೊಂಡವಳಿಗೆ ಏನೂ ಇಲ್ಲವೇ ಎಂದು ಯುವಕ ಕೇಳುತ್ತಾನೆ. ಅಪಾತ್ರರನ್ನು ನಂಬಿ ಕೆಟ್ಟವರನ್ನು ವಿಚಾರಿಸುವ ಪ್ರತ್ಯೇಕ ನ್ಯಾಯಾಲಯವೇ ಇದೆ, ವಿಷಯ ತಿಳಿದ ಕೆಲವೇ ದಿನಗಳಲ್ಲಿ ಅವಳು ಸತ್ತುಹೋಗಿರದಿದ್ದರೆ ಅವಳೇ ಅಲ್ಲಿ ಕಟಕಟೆ ಹತ್ತಬೇಕಿತ್ತು ಎಂಬ ಉತ್ತರ ಬರುತ್ತದೆ.

ಇಡೀ ಪುಸ್ತಕದ ಶಿಖರವೆಂದರೆ ಕ್ಷಯರೋಗಿಯ ವಿಚಾರಣೆ. ಯಂತ್ರಗಳ ಅಧ್ಯಾಯಗಳಿಗೆ ಇಂದು ಹೆಚ್ಚು ಹೆಸರಿರಬಹುದು, ಆದರೆ ಓದಿ ಮುಗಿಸಿದ ಮೇಲೆ ಬಹಳ ದಿನ ಬಿಡದೆ ಕಾಡುವುದು ಈ ನ್ಯಾಯಾಲಯವೇ. ಅಲ್ಲಿ ನಡೆಯುವ ಬೇರೆ ಮೊಕದ್ದಮೆಗಳನ್ನು ಬಟ್ಲರ್ ಮೊದಲು ತೋರಿಸುತ್ತಾನೆ. ಪ್ರೀತಿಯ ಹೆಂಡತಿಯನ್ನು ಕಳೆದುಕೊಂಡ ಆರೋಪದ ಮೇಲೆ ಒಬ್ಬ ನಿಂತಿದ್ದಾನೆ. ಅವನಿಗೆ ಮೂವರು ಪುಟ್ಟ ಮಕ್ಕಳು, ದೊಡ್ಡದಕ್ಕೆ ಮೂರು ವರ್ಷ. ಇನ್ನೊಬ್ಬ ಹುಡುಗನ ಆಸ್ತಿಯನ್ನು ಪೋಷಕನೇ ಲಪಟಾಯಿಸಿದ್ದಾನೆ. ಮೋಸಹೋದ ತಪ್ಪಿಗೆ ಹುಡುಗ ಪೋಷಕನ ಕ್ಷಮೆ ಕೇಳಬೇಕು, ಹನ್ನೆರಡು ಚಾಟಿಯೇಟು ತಿನ್ನಬೇಕು. ಆಮೇಲೆ ಬರುತ್ತಾನೆ ಕ್ಷಯದ ಆರೋಪಿ. ವಯಸ್ಸು ಇಪ್ಪತ್ತಮೂರು. ನಿಲ್ಲಲು ತ್ರಾಣವಿಲ್ಲ. ವಿಮಾ ಕಂಪನಿಗೆ ಟೋಪಿ ಹಾಕಲು ಇವನು ಕ್ಷಯ ಬಂದವನಂತೆ ನಟಿಸಿದನೆಂದು ಅವನ ವಕೀಲ ವಾದಿಸುತ್ತಾನೆ. ಮೋಸ ಸಾಬೀತಾಗಿದ್ದರೆ ಅವನು ಆಸ್ಪತ್ರೆಗೆ ಹೋಗಿ ಬದುಕಿಕೊಳ್ಳುತ್ತಿದ್ದ. ಆದರೆ ಕಾಯಿಲೆ ಎಷ್ಟು ಎದ್ದು ಕಾಣುತ್ತಿದೆಯೆಂದರೆ ಆ ವಾದ ನಿಲ್ಲುವುದಿಲ್ಲ.

ತೀರ್ಪು ಓದುವ ನ್ಯಾಯಾಧೀಶ ಕ್ರೂರಿಯಲ್ಲ. ಮನಸ್ಸಿಗೆ ನೋವಾಗುತ್ತಿದೆಯೆಂದೇ ಹೇಳುತ್ತಾನೆ. ಆರೋಪಿಗೆ ಹಿಂದಿನ ವರ್ಷ ಶ್ವಾಸನಾಳದ ಉರಿಯೂತಕ್ಕೆ ಶಿಕ್ಷೆಯಾಗಿತ್ತು, ಬೇರೆಬೇರೆ ಕಾಯಿಲೆಗಳಿಗಾಗಿ ಹದಿನಾಲ್ಕು ಸಲ ಜೈಲು ಕಂಡಿದ್ದಾನೆ, ತಿದ್ದಿಕೊಳ್ಳಲಿಲ್ಲ. ರೋಗಿಷ್ಠ ತಂದೆತಾಯಿಯರಿಗೆ ಹುಟ್ಟಿದೆ, ಬಾಲ್ಯದಲ್ಲಿ ಅಪಘಾತವಾಗಿ ಮೈ ಕೆಟ್ಟಿತು ಎಂಬ ಸಬೂಬುಗಳನ್ನು ನ್ಯಾಯಾಲಯ ಕೇಳಲಾಗದು. ಕಾರಣದ ಹಿಂದಿನ ಕಾರಣವನ್ನು ಹುಡುಕುತ್ತ ಹೊರಟರೆ ಕೊನೆಗೆ ಯಾರನ್ನೂ ಹೊಣೆ ಮಾಡಲಾಗುವುದಿಲ್ಲ. ಪ್ರಶ್ನೆ ಇರುವುದು ಒಂದೇ: ನೀನು ಕೆಟ್ಟಿದ್ದೀಯಾ ಇಲ್ಲವಾ? ದುರದೃಷ್ಟದಿಂದ ಅಪರಾಧಿಯಾದೆ ಎಂದು ನೀನು ಹೇಳಬಹುದು, ಆದರೆ ಆ ದುರದೃಷ್ಟವೇ ನಿನ್ನ ಅಪರಾಧ ಎಂಬ ಅರ್ಥ ಬರುವಂತೆ ಅವನು ಮಾತು ಮುಗಿಸುತ್ತಾನೆ. ಜೀವಾವಧಿ ಕಠಿಣ ಸಜೆ. ಜೊತೆಗೆ ಕರುಣೆಯಿಂದ ಒಂದು ಆಜ್ಞೆ: ದಿನಕ್ಕೆ ಎರಡು ದೊಡ್ಡ ಚಮಚ ಹರಳೆಣ್ಣೆ ಕೊಡತಕ್ಕದ್ದು. ತನಗೆ ನ್ಯಾಯವಾದ ಶಿಕ್ಷೆಯೇ ಆಯಿತು, ವಿಚಾರಣೆಯಲ್ಲಿ ಏನೂ ಲೋಪವಿಲ್ಲ ಎಂದು ಆರೋಪಿ ಕೇಳಿಸದಷ್ಟು ಸಣ್ಣ ದನಿಯಲ್ಲಿ ಒಪ್ಪಿಕೊಳ್ಳುತ್ತಾನೆ.

ಈ ತೀರ್ಪಿನಲ್ಲಿ ‘ಕ್ಷಯ’ ಎಂಬ ಪದವನ್ನು ತೆಗೆದು ‘ಕಳ್ಳತನ’ ಎಂದು ಹಾಕಿದರೆ, ಅದು ಹತ್ತೊಂಬತ್ತನೆಯ ಶತಮಾನದ ಯಾವುದೇ ಲಂಡನ್ ನ್ಯಾಯಾಧೀಶನ ಬಾಯಲ್ಲಿ ಬರಬಹುದಾಗಿದ್ದ ಭಾಷಣ. ಹಸಿವಿನಲ್ಲಿ ಬೆಳೆದು ಕಳ್ಳನಾದ ಹುಡುಗನಿಗೂ ಬಾಲ್ಯವಿತ್ತು, ತಂದೆತಾಯಿ ಇದ್ದರು, ಅವುಗಳನ್ನೂ ನ್ಯಾಯಾಲಯ ಕೇಳಿರಲಿಲ್ಲ. ಕಾಯಿಲೆಯಷ್ಟೇ ಅಪರಾಧವೂ ಕೈಮೀರಿ ಬರುವಂಥದ್ದಾದರೆ ಶಿಕ್ಷೆಗೆ ಅರ್ಥವೇನು? ಹಾಗೆಂದು ಬಟ್ಲರ್ ಶಿಕ್ಷೆಯೇ ಬೇಡವೆಂದು ಹೇಳುತ್ತಿದ್ದಾನೆಂದೂ ಖಚಿತವಿಲ್ಲ. ಸಮಾಜ ತನ್ನನ್ನು ಕಾಪಾಡಿಕೊಳ್ಳಲು ಯಾರನ್ನಾದರೂ ದೂರ ಇಡಲೇಬೇಕಾಗುತ್ತದೆ ಎಂಬ ಒಪ್ಪಿಗೆಯೂ ಅದೇ ಅಧ್ಯಾಯಗಳಲ್ಲಿದೆ. ಎರೆವಾನಿನ ಜನ ಅಷ್ಟು ಚೆಲುವಾಗಿರುವುದಕ್ಕೆ ಈ ಕಾನೂನೇ ಕಾರಣವೆಂದೂ ಅವನು ಬರೆಯುತ್ತಾನೆ. ವಾದದ ಎರಡೂ ತುದಿಗಳನ್ನು ಎಳೆದು ಹಿಡಿದು, ನಡುವೆ ಓದುಗನನ್ನು ನಿಲ್ಲಿಸಿ ಹೋಗುತ್ತಾನೆ. ಉಳಿದ ವಿಡಂಬನಕಾರರು ಸಾಮಾನ್ಯವಾಗಿ ತಮ್ಮ ಪಕ್ಷ ಯಾವುದೆಂದು ಗುಟ್ಟಾಗಿಯಾದರೂ ತಿಳಿಸುತ್ತಾರೆ. ಬಟ್ಲರ್ ಅದನ್ನು ಮಾಡದಿರುವುದು ದೌರ್ಬಲ್ಯವೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಅವನು ಬಿಡಿಸಿ ಹೇಳಿದ್ದರೆ ಆ ನ್ಯಾಯಾಧೀಶನ ಮಾತಿಗೆ ಈ ತೂಕ ಇರುತ್ತಿರಲಿಲ್ಲ.

ಧರ್ಮದ ವಿಷಯಕ್ಕೆ ಬಂದಾಗ ಅವನ ಪಕ್ಷ ಹೆಚ್ಚು ಸ್ಪಷ್ಟ. ಎರೆವಾನಿನಲ್ಲಿ ಎರಡು ಬಗೆಯ ಹಣ ಚಲಾವಣೆಯಲ್ಲಿದೆ. ಒಂದು ಸಂಗೀತ ಬ್ಯಾಂಕುಗಳದು. ಭವ್ಯ ಗೋಪುರ, ಬಣ್ಣದ ಗಾಜಿನ ಕಿಟಕಿ, ಒಳಗೆ ಗಾಯನ. ಇದೇ ನಿಜವಾದ ಹಣವೆಂದು ಮರ್ಯಾದಸ್ಥರೆಲ್ಲ ಹೇಳುತ್ತಾರೆ, ಅಂಗಡಿಯಲ್ಲಿ ಸಾಮಾನು ಕೊಳ್ಳುವುದು ಮಾತ್ರ ಇನ್ನೊಂದು ಹಣದಲ್ಲಿ. ನೋಸ್ನಿಬೋರನ ಹೆಂಡತಿ ಮಕ್ಕಳು ಕೈಚೀಲ ಎಲ್ಲರಿಗೂ ಕಾಣುವಂತೆ ಹಿಡಿದು ಬ್ಯಾಂಕಿಗೆ ನಡೆಯುತ್ತಾರೆ. ಒಳಗೆ ಹೋದರೆ ಜನವೇ ಇಲ್ಲ. ಇಂಗ್ಲೆಂಡಿನ ಚರ್ಚನ್ನು ಕುರಿತ ಈ ರೂಪಕದಲ್ಲಿ ಪಾದ್ರಿಯ ಮಗನ ಕೋಪವಿದೆ, ನೋವೂ ಇದೆ. ಆ ಕಟ್ಟಡದ ಸೌಂದರ್ಯಕ್ಕೆ ಯುವಕನ ಮನಸ್ಸು ತಲೆಬಾಗುತ್ತದೆ, ಶತಮಾನಗಳ ಹಿಂದಿನವರ ಶ್ರದ್ಧೆ ಅಲ್ಲಿ ಕಲ್ಲಾಗಿ ನಿಂತಿದೆ ಎಂದು ಅವನಿಗೆ ಅನ್ನಿಸುತ್ತದೆ. ಜನ ನಿಜವಾಗಿ ನಡೆದುಕೊಳ್ಳುವುದು ಇಡ್‌ಗ್ರನ್ ಎಂಬ ದೇವತೆಗೆ. ನಾಲ್ಕು ಜನ ಏನೆಂದಾರು ಎಂಬ ಭಯಕ್ಕೆ ಇಂಗ್ಲೆಂಡಿನಲ್ಲಿ ಗ್ರಂಡಿ ಎಂಬ ಕಾಲ್ಪನಿಕ ಹೆಂಗಸಿನ ಹೆಸರಿತ್ತು, ಅದನ್ನೇ ತಿರುಗಿಸಿ ಬಟ್ಲರ್ ದೇವತೆಯನ್ನಾಗಿ ಮಾಡಿದ. ಈ ದೇವತೆಯ ಭಕ್ತರಲ್ಲಿ ಉತ್ತಮರನ್ನು ಅವನು ಹೊಗಳುತ್ತಾನೆ. ಯಾವ ದೊಡ್ಡ ನಂಬಿಕೆಯೂ ಇಲ್ಲದೆ ಸಭ್ಯರಾಗಿ, ನಾಲ್ಕು ಜನ ಒಪ್ಪುವಂತೆ ಬದುಕುವವರು ಅವರು.

ಮಕ್ಕಳು ಹುಟ್ಟುವ ಬಗ್ಗೆ ಎರೆವಾನಿನವರ ನಂಬಿಕೆ ಕೇಳುವಾಗ ಬಟ್ಲರನ ಸ್ವಂತ ಮನೆ ನೆನಪಾಗದಿರದು. ಹುಟ್ಟದವರದೇ ಒಂದು ಲೋಕವಿದೆ, ಅಲ್ಲಿ ಸುಖವಾಗಿದ್ದ ಜೀವಗಳು ಹಟ ಹಿಡಿದು ಪಾಪದ ಗಂಡಹೆಂಡಿರನ್ನು ಪೀಡಿಸಿ ಹುಟ್ಟಿಬರುತ್ತವೆ. ಹಾಗಾಗಿ ಹುಟ್ಟಿದ ಮೂರು ನಾಲ್ಕು ದಿನಕ್ಕೆ ನೆಂಟರು ಸೇರಿ ಮಗುವಿನ ಪರವಾಗಿ ಒಂದು ಪತ್ರ ಬರೆಸುತ್ತಾರೆ. ತಪ್ಪೆಲ್ಲ ನನ್ನದು, ತಂದೆತಾಯಿ ನಿರಪರಾಧಿಗಳು, ಅವರು ಏನು ಮಾಡಿದರೂ ಸಹಿಸುತ್ತೇನೆ ಎಂಬುದು ಅದರ ಸಾರ. ಹದಿನಾಲ್ಕು ತುಂಬಿದ ಮೇಲೆ ಹುಡುಗನೇ ಅದಕ್ಕೆ ಒಪ್ಪಿಗೆ ಹಾಕಬೇಕು. ದೀಕ್ಷಾಸ್ನಾನ, ಆಮೇಲೆ ಅದನ್ನು ಬೆಳೆದ ಮಗುವಿನಿಂದ ದೃಢಪಡಿಸುವ ವಿಧಿ, ಎರಡೂ ಈ ಪತ್ರದೊಳಗಿವೆ. ತಂದೆಮಗನ ನಡುವಿನ ಇದೇ ಗಾಯವನ್ನು ಬಟ್ಲರ್ ಮುಂದೆ ‘ದಿ ವೇ ಆಫ್ ಆಲ್ ಫ್ಲೆಶ್’ ಕಾದಂಬರಿಯಲ್ಲಿ ಪೂರ್ತಿಯಾಗಿ ಬಿಚ್ಚಿದ. ಅದು ಅವನು ಸತ್ತ ಮೇಲೆ 1903ರಲ್ಲಿ ಹೊರಬಂತು. ಅವಿವೇಕದ ಕಾಲೇಜುಗಳ ಅಧ್ಯಾಯ ಆಕ್ಸ್‌ಫರ್ಡ್-ಕೇಂಬ್ರಿಜ್‌ಗಳ ಮೇಲಿನ ಚಾಟಿ. ಯಾರೂ ಆಡದ ಒಂದು ಭಾಷೆಯನ್ನು ವರ್ಷಗಟ್ಟಲೆ ಕಲಿಸುತ್ತಾರೆ, ಅಸಂಗತತೆಗೂ ನುಣುಚಿಕೊಳ್ಳುವ ಕಲೆಗೂ ಪ್ರಾಧ್ಯಾಪಕರಿದ್ದಾರೆ.

ಆ ಕಾಲೇಜುಗಳಲ್ಲೇ ಯುವಕನಿಗೆ ‘ಯಂತ್ರಗಳ ಗ್ರಂಥ’ ಸಿಗುತ್ತದೆ. ಶತಮಾನಗಳ ಹಿಂದೆ ಎರೆವಾನ್ ಯಂತ್ರಗಳಲ್ಲಿ ಯೂರೋಪಿಗಿಂತ ಮುಂದಿತ್ತು. ಆಗ ಒಬ್ಬ ಪಂಡಿತ ಈ ಗ್ರಂಥ ಬರೆದು, ಯಂತ್ರಗಳು ಮುಂದೊಂದು ದಿನ ಮನುಷ್ಯನನ್ನು ಮೆಟ್ಟಿ ಆಳುತ್ತವೆಂದು ಎಲ್ಲರನ್ನೂ ಒಪ್ಪಿಸಿದ. ಅಂತರ್ಯುದ್ಧವಾಯಿತು, ಯಂತ್ರವಿರೋಧಿಗಳು ಗೆದ್ದರು. ಹಿಂದಿನ 271 ವರ್ಷಗಳಲ್ಲಿ ಕಂಡುಹಿಡಿದದ್ದನ್ನೆಲ್ಲ ನಾಶಮಾಡಬೇಕೆಂದು ಗೊತ್ತಾಯಿತು. ಈ ಅಂಕಿ ಹೇಗೆ ಬಂತೆಂದರೆ, ಅಗಸಗಿತ್ತಿಯರು ಬಳಸುತ್ತಿದ್ದ ಒಂದು ಬಗೆಯ ಉರುಳೆಯಂತ್ರವನ್ನು ಉಳಿಸಬೇಕೋ ಬೇಡವೋ ಎಂದು ವರ್ಷಗಟ್ಟಲೆ ವಾಗ್ವಾದ ನಡೆದು, ಅದೂ ಅಪಾಯಕಾರಿಯೆಂದು ತೀರ್ಮಾನವಾಯಿತು. ಅದನ್ನು ಒಳಗೊಳ್ಳುವಷ್ಟು ಹಿಂದಕ್ಕೆ ಗೆರೆ ಎಳೆದರು. ಯುವಕನ ಜೇಬಿನ ಗಡಿಯಾರ ಕಂಡು ಅಧಿಕಾರಿಗಳು ಬೆಚ್ಚಿದ್ದು ಇದಕ್ಕೇ.

ಗ್ರಂಥದ ವಾದವನ್ನು ಬಟ್ಲರ್ ಬಹಳ ಶ್ರದ್ಧೆಯಿಂದ ಕಟ್ಟಿದ್ದಾನೆ. ಒಂದು ಕಾಲದಲ್ಲಿ ಭೂಮಿ ಕಾದ ಉಂಡೆಯಾಗಿತ್ತು, ಅಲ್ಲಿ ಪ್ರಜ್ಞೆಯ ಸುಳಿವೇ ಇರಲಿಲ್ಲ. ಆದರೂ ಮುಂದೆ ಅದರಿಂದಲೇ ಪ್ರಜ್ಞೆ ಹುಟ್ಟಿತು. ಹಾಗಿರುವಾಗ ಇಂದಿನ ಯಂತ್ರಗಳಲ್ಲಿ ಪ್ರಜ್ಞೆ ಕಾಣುತ್ತಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಪ್ರಾಣಿಗಳು ಕೋಟ್ಯಂತರ ವರ್ಷಗಳಲ್ಲಿ ಬದಲಾದವು, ಯಂತ್ರಗಳು ಕೆಲವೇ ನೂರು ವರ್ಷಗಳಲ್ಲಿ ಎಷ್ಟು ದೂರ ಬಂದಿವೆ! ಪ್ರಜ್ಞೆ ಎಲ್ಲಿ ಶುರುವಾಗುತ್ತದೆ ಎಂದು ಯಾರು ಗೆರೆ ಎಳೆಯಬಲ್ಲರು? ಕತ್ತಲ ನೆಲಮಾಳಿಗೆಯಲ್ಲಿ ಬಿದ್ದ ಆಲೂಗಡ್ಡೆಯೂ ಕಿಟಕಿಯ ಬೆಳಕು ಯಾವ ಕಡೆಯಿದೆಯೆಂದು ಅರಿತು ಮೊಳಕೆಯನ್ನು ಅತ್ತಲೇ ಹರಿಸುತ್ತದೆ, ತನಗೆ ಏನು ಬೇಕೆಂದು ಅದಕ್ಕೆ ಗೊತ್ತು. ಯಂತ್ರಗಳಿಗೆ ಸಂತಾನವಿಲ್ಲ ಎನ್ನುವವರಿಗೂ ಉತ್ತರವಿದೆ. ಕೆಂಪು ಕ್ಲೋವರ್ ಗಿಡ ಸಂತಾನ ಪಡೆಯಬೇಕಾದರೆ ದುಂಬಿ ಬೇಕು. ಹಾಗೆಯೇ ಯಂತ್ರ ಯಂತ್ರವನ್ನು ಹುಟ್ಟಿಸುವಾಗ ದುಂಬಿಯ ಕೆಲಸವನ್ನು ಮನುಷ್ಯ ಮಾಡುತ್ತಿದ್ದಾನೆ. ಹಗಲಿರುಳು ಕಲ್ಲಿದ್ದಲು ತುಂಬುತ್ತ, ಎಣ್ಣೆ ಹಾಕುತ್ತ, ಕೆಟ್ಟರೆ ರಿಪೇರಿ ಮಾಡುತ್ತ ಎಷ್ಟು ಜನ ಬಾಳು ಸವೆಸುತ್ತಿದ್ದಾರೆಂದು ಎಣಿಸಿನೋಡಿ ಎಂದು ಪಂಡಿತ ಕೇಳುತ್ತಾನೆ. ಯಾರು ಯಾರ ಸೇವಕರು ಎಂಬ ಪ್ರಶ್ನೆ ಅಲ್ಲಿ ತಾನಾಗಿ ಏಳುತ್ತದೆ. ಎದುರುವಾದವನ್ನೂ ಬಟ್ಲರ್ ಕೊಡುತ್ತಾನೆ. ಯಂತ್ರಗಳು ನಮ್ಮ ಮೈಯ ಹೊರಗಿರುವ ಅಂಗಗಳಷ್ಟೇ, ಗುದ್ದಲಿ ಉದ್ದಗೊಂಡ ತೋಳು, ಮನುಷ್ಯ ಅಂಗಗಳನ್ನು ಬೇಕೆಂದಾಗ ತೊಟ್ಟು ಬೇಡವಾದಾಗ ಕಳಚಿಡುವ ಪ್ರಾಣಿ ಎಂದು ಇನ್ನೊಬ್ಬ ಬರೆದಿದ್ದನಂತೆ. ಆ ವಾದ ಸೋತಿತು.

ಇದು ಡಾರ್ವಿನ್ನನ ಸಿದ್ಧಾಂತದ ಗೇಲಿಯೆಂದು ಹಲವು ವಿಮರ್ಶಕರು ಆಗ ತಿಳಿದರು. ಬಟ್ಲರ್ ಅದೇ ವರ್ಷದ ಎರಡನೆಯ ಮುದ್ರಣದ ಮುನ್ನುಡಿಯಲ್ಲಿ ಅದನ್ನು ಅಲ್ಲಗಳೆದ. ಡಾರ್ವಿನ್ನನಿಗೂ ಪತ್ರ ಬರೆದು ತನಗೆ ಆ ಉದ್ದೇಶವಿರಲಿಲ್ಲವೆಂದು ತಿಳಿಸಿದ, ಅವನ ಮನೆಗೂ ಹೋಗಿಬಂದ. ವಿಕಾಸದ ವಿಷಯದಲ್ಲಿ ಇಬ್ಬರ ನಡುವೆ ಕಹಿ ಬೆಳೆದದ್ದು ಅದಾದ ಕೆಲವು ವರ್ಷಗಳ ಮೇಲೆ.

1901ರ ಪರಿಷ್ಕೃತ ಮುದ್ರಣಕ್ಕೆ ಸೇರಿಸಿದ ಅಧ್ಯಾಯಗಳಲ್ಲಿ ಪ್ರಾಣಿಗಳ ಹಕ್ಕು ಮತ್ತು ತರಕಾರಿಗಳ ಹಕ್ಕಿನ ಪ್ರಕರಣ ಬರುತ್ತದೆ. ಪ್ರಾಣಿಗಳನ್ನು ಕೊಂದು ತಿನ್ನಬಾರದೆಂದು ಒಬ್ಬ ಪ್ರವಾದಿ ಸಾರಿದ. ತಾನಾಗಿ ಸತ್ತ ಪ್ರಾಣಿಯನ್ನು ತಿನ್ನಬಹುದೆಂಬ ರಿಯಾಯಿತಿ ಇತ್ತು. ಪ್ರಾಣಿಗಳು ಕಟುಕನ ಕತ್ತಿಯ ಮೇಲೆ ಬಿದ್ದು ‘ಆತ್ಮಹತ್ಯೆ’ ಮಾಡಿಕೊಳ್ಳತೊಡಗಿದವು. ಆಮೇಲೆ ಸಸ್ಯಗಳಿಗೂ ಬುದ್ಧಿಯಿದೆಯೆಂದು ಇನ್ನೊಬ್ಬ ತರ್ಕದಿಂದ ಸಾಧಿಸಿದ ಮೇಲೆ ತಿನ್ನಲು ಏನೂ ಉಳಿಯದೆ ಜನ ಹಳೆಯ ಊಟಕ್ಕೆ ಮರಳಿದರು.

ಯುವಕ ನೋಸ್ನಿಬೋರನ ಕಿರಿಯ ಮಗಳು ಅರೋಹೇನಾಳನ್ನು ಪ್ರೀತಿಸುತ್ತಾನೆ. ಬರಗಾಲದಲ್ಲಿ ವಾಯುದೇವನ ಬಳಿ ಮಳೆ ಕೇಳಿ ಬರುತ್ತೇನೆಂಬ ನೆಪ ಒಡ್ಡಿ ಬಲೂನು ಮಾಡಿಸಿ, ಅವಳನ್ನು ಅದರಲ್ಲಿ ಅಡಗಿಸಿಕೊಂಡು ಹಾರಿಹೋಗುತ್ತಾನೆ. ಸಮುದ್ರಕ್ಕೆ ಬಿದ್ದವರನ್ನು ಇಟಲಿಯ ಹಡಗೊಂದು ಎತ್ತಿಕೊಳ್ಳುತ್ತದೆ. ಕೊನೆಯ ಪುಟಗಳಲ್ಲಿ ಅವನು ಓದುಗರ ಮುಂದೆ ಒಂದು ಯೋಜನೆ ಇಡುತ್ತಾನೆ: ಷೇರು ಕಂಪನಿ ಕಟ್ಟಿ, ಬಂದೂಕು ಹೊತ್ತ ಹಡಗು ಕಳಿಸಿ, ಎರೆವಾನಿನವರನ್ನು ಹಿಡಿದು ತಂದು ಕ್ವೀನ್ಸ್‌ಲೆಂಡಿನ ಕಬ್ಬಿನ ತೋಟಗಳಿಗೆ ಒಪ್ಪಿಸುವುದು. ಅಲ್ಲಿ ದುಡಿಯುತ್ತ ಅವರು ಕ್ರೈಸ್ತರಾಗುತ್ತಾರೆ, ಷೇರುದಾರರಿಗೆ ಲಾಭವೂ ಬರುತ್ತದೆ. ಇದು ಕಟ್ಟುಕಥೆಯಾಗಿರಲಿಲ್ಲ. 1863ರಿಂದ ಪೆಸಿಫಿಕ್ ದ್ವೀಪಗಳ ಜನರನ್ನು ಪುಸಲಾಯಿಸಿಯೂ ಬಲವಂತದಿಂದಲೂ ಹಡಗಿಗೆ ಹತ್ತಿಸಿ ಕ್ವೀನ್ಸ್‌ಲೆಂಡಿನ ತೋಟಗಳಿಗೆ ಒಯ್ಯುವ ದಂಧೆ ನಿಜವಾಗಿ ನಡೆಯುತ್ತಿತ್ತು. ಎರೆವಾನಿನ ಪ್ರತಿಯೊಂದು ವಿಚಿತ್ರವನ್ನೂ ಗುರುತಿಸಿದ ಕಣ್ಣಿಗೆ ತನ್ನ ಯೋಜನೆಯ ಘೋರ ಕಾಣುವುದೇ ಇಲ್ಲ. ಪುಸ್ತಕದ ತುಂಬ ನೋಸ್ನಿಬೋರನನ್ನೂ ನ್ಯಾಯಾಧೀಶನನ್ನೂ ಕಂಡು ತಲೆಯಾಡಿಸಿದ ಓದುಗ, ಈ ಪುಟಗಳಲ್ಲಿ ಇಷ್ಟು ಹೊತ್ತು ತನ್ನ ಕೈ ಹಿಡಿದು ನಡೆಸಿದವನ ಮುಖವನ್ನೇ ನೋಡಬೇಕಾಗುತ್ತದೆ.

ಚಾಪ್‌ಮನ್ ಅಂಡ್ ಹಾಲ್ ಪ್ರಕಾಶನಕ್ಕೆ ಹಸ್ತಪ್ರತಿ ಓದಿದ ಕಾದಂಬರಿಕಾರ ಜಾರ್ಜ್ ಮೆರೆಡಿತ್ ಬೇಡವೆಂದಿದ್ದ. ಬಟ್ಲರ್ ಸ್ವಂತ ಖರ್ಚಿನಲ್ಲಿ ಟ್ರುಬ್ನರ್ ಸಂಸ್ಥೆಯಿಂದ ಹೊರತಂದ. ಹಿಂದಿನ ವರ್ಷವಷ್ಟೇ ಲಾರ್ಡ್ ಲಿಟ್ಟನ್ ‘ದಿ ಕಮಿಂಗ್ ರೇಸ್’ ಎಂಬ ಕಲ್ಪಿತ ನಾಡಿನ ಕಥೆಯನ್ನು ಹೆಸರಿಲ್ಲದೆ ಪ್ರಕಟಿಸಿದ್ದರಿಂದ, ಇದೂ ಅವನದೇ ಇರಬೇಕೆಂದು ಜನ ಊಹಿಸಿ ಕೊಂಡರು. ಅಪರಿಚಿತನೊಬ್ಬನ ಪುಸ್ತಕವೆಂದು ತಿಳಿದಾಗ ಮಾರಾಟ ಕುಸಿಯಿತು. ಹಾಗಿದ್ದರೂ ಬದುಕಿದ್ದಾಗ ಬಟ್ಲರನಿಗೆ ಲಾಭ ತಂದ ಪುಸ್ತಕ ಇದೊಂದೇ, ಅವನೇ ಬರೆದಿಟ್ಟ ಲೆಕ್ಕದ ಪ್ರಕಾರ ಸುಮಾರು 69 ಪೌಂಡು. 1901ರಲ್ಲಿ ಅವನು ‘ಎರೆವಾನ್ ರಿವಿಸಿಟೆಡ್’ ಎಂಬ ಮುಂದಿನ ಭಾಗ ಬರೆದ. ಹಿಗ್ಸ್ ಎಂಬ ಹೆಸರು ಪಡೆದ ಅದೇ ಯುವಕ ಇಪ್ಪತ್ತು ವರ್ಷದ ಮೇಲೆ ಮರಳಿ ಹೋಗಿ ನೋಡಿದರೆ, ಅವನ ಬಲೂನು ಯಾನ ಪವಾಡವಾಗಿದೆ, ಅವನು ಸೂರ್ಯಪುತ್ರನಾಗಿದ್ದಾನೆ, ಅವನ ಹೆಸರಿನ ಗುಡಿ ಉದ್ಘಾಟನೆಗೆ ಸಿದ್ಧವಾಗಿದೆ. ಒಂದು ಮತ ಹೇಗೆ ಹುಟ್ಟುತ್ತದೆಂಬ ವಿಚಾರ ಅಲ್ಲಿ ಹೆಚ್ಚು ಬಿಗಿಯಾಗಿದೆ, ಆದರೆ ಮೊದಲ ಪುಸ್ತಕದ ಬೆರಗು ಇಲ್ಲ. ಬಟ್ಲರ್ 1902ರ ಜೂನ್ 18ರಂದು ತೀರಿಕೊಂಡ.

ಬರ್ನಾರ್ಡ್ ಷಾ ಅವನ ದೊಡ್ಡ ಅಭಿಮಾನಿಯಾಗಿದ್ದ. ‘ಎ ಪ್ಯಾಸೇಜ್ ಟು ಇಂಡಿಯಾ’ ಬರೆದ ಇ. ಎಂ. ಫಾರ್ಸ್ಟರ್, ತನ್ನ ಮೇಲೆ ಪ್ರಭಾವ ಬೀರಿದ ಪುಸ್ತಕದ ಬಗ್ಗೆ ಬರೆಯಬೇಕಾಗಿ ಬಂದಾಗ ಆರಿಸಿಕೊಂಡದ್ದು ಎರೆವಾನನ್ನು. ಜಾರ್ಜ್ ಆರ್ವೆಲ್ ‘ಅನಿಮಲ್ ಫಾರ್ಮ್’ ಹೊರಬಂದ 1945ರಲ್ಲಿ ಬಿಬಿಸಿ ರೇಡಿಯೊದಲ್ಲಿ ಈ ಪುಸ್ತಕವನ್ನು ಪರಿಚಯಿಸಿದ. 1951ರಲ್ಲಿ ಗಣಿತಜ್ಞ ಅಲನ್ ಟ್ಯೂರಿಂಗ್ ಯೋಚಿಸುವ ಯಂತ್ರಗಳ ಕುರಿತ ಉಪನ್ಯಾಸದಲ್ಲಿ, ಅವು ಮುಂದೆ ಅಧಿಕಾರ ಹಿಡಿಯಬಹುದಾದ ಸಾಧ್ಯತೆಗೆ ಬಟ್ಲರನ ಕಾದಂಬರಿಯನ್ನೇ ನೆನೆದ. ಫ್ರಾಂಕ್ ಹರ್ಬರ್ಟನ ‘ಡ್ಯೂನ್’ನಲ್ಲಿ ಬರುವ, ಯೋಚಿಸುವ ಯಂತ್ರಗಳ ವಿರುದ್ಧದ ‘ಬಟ್ಲೇರಿಯನ್ ಜಿಹಾದ್’ ಎಂಬ ಹೆಸರೂ ಇವನಿಂದಲೇ ಬಂತೆಂದು ಸಾಮಾನ್ಯವಾಗಿ ಓದಲಾಗುತ್ತದೆ. ರಂಗಿಟಾಟಾ ಕಣಿವೆಯಲ್ಲಿ ಮೆಸೊಪೊಟೇಮಿಯಾದ ಎದುರು ದಡದ ಕುರಿಗಾವಲಿಗೆ ಈಗ ಎರೆವಾನ್ ಎಂದೇ ಹೆಸರು.

ಕಾದಂಬರಿಯ ಹಕ್ಕುಸ್ವಾಮ್ಯ ಎಂದೋ ಮುಗಿದಿರುವುದರಿಂದ ಇಂಗ್ಲಿಷ್ ಪಠ್ಯ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಹೆಚ್ಚಾಗಿ ಸಿಗುವುದು 1901ರ ಪರಿಷ್ಕೃತ ರೂಪ. ಮೊದಲ ಐದಾರು ಅಧ್ಯಾಯಗಳ ಬೆಟ್ಟ ಹತ್ತುವ ವಿವರ ನಿಧಾನ, ಅಲ್ಲೇ ಪುಸ್ತಕ ಕೆಳಗಿಟ್ಟವರು ಬಹಳ. ಅಂಥವರು ಕ್ಷಯರೋಗಿಯ ವಿಚಾರಣೆಯ ಅಧ್ಯಾಯವನ್ನು ಮೊದಲು ಓದಿ, ಆಮೇಲೆ ಆರಂಭಕ್ಕೆ ಮರಳಬಹುದು.